ಲೋಹದ ಬಣ್ಣ, ನೆಲೆಯ ಗುಣ

ಹಳೆಯ ತಾಮ್ರದ ನಾಣ್ಯವೊಂದು ಬಣ್ಣಗೆಟ್ಟಿತೆಂದರೆ ಅದರ ವಯಸ್ಸನ್ನೇ ಕಾರಣವೆಂದು ಹೇಳಿಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಪೀಣ್ಯದ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ಜೀವಿತದ ಬಹುಭಾಗವನ್ನು ಕಳೆದು, ನಿವೃತ್ತಿಯ ತರುವಾಯ ವರ್ತೂರು ಕೆರೆಯ ಸಮೀಪ ಮನೆ ಮಾಡಿದ ನನಗೆ, ಲೋಹದ ಗತಿಯನ್ನು ನಿರ್ಣಯಿಸುವುದು ವಯಸ್ಸಿಗಿಂತ ಹೆಚ್ಚಾಗಿ ವಾಸಸ್ಥಾನವೆಂಬುದು ಕ್ರಮೇಣ ಮನವರಿಕೆಯಾಯಿತು.

ಅಜ್ಜನ ಪೆಟ್ಟಿಗೆಯಲ್ಲಿದ್ದ ಟಿಪ್ಪುವಿನ ಆನೆಯ ಕಾಸುಗಳೂ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳೂ, 1835ರ ಇಸವಿಯನ್ನು ಹೊತ್ತ ಕಂಪನಿ ಸರ್ಕಾರದ ಕಾಲಾಣೆಗಳೂ ತಂಗಿಗೂ ನನಗೂ ಪಾಲಾಗಿ ಬಂದುವು. ಹಾಸನದ ಕಡೆಯ ಹಳ್ಳಿಯಲ್ಲಿರುವ ಅವಳ ಪಾಲಿನವು ಹುರಿದ ಕಾಫಿಬೀಜದ ಬಣ್ಣವನ್ನು ತಳೆದು ಸ್ವಸ್ಥವಾಗಿವೆ. ನಿರ್ಮಲವಾದ ಗಾಳಿಯ ಆಮ್ಲಜನಕದೊಡನೆ ತಾಮ್ರವು ಸೇರಿ ಉಂಟಾದ ಆ ಆಕ್ಸೈಡಿನ ಪೊರೆಯು ಒಳಗಿನ ಲೋಹವನ್ನು ಕಾಯತಕ್ಕ ಕವಚವೇ ಹೊರತು ರೋಗವಲ್ಲ. ನನ್ನ ಪಾಲಿನವಾದರೋ ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಕಪ್ಪಾದುವು.

ಕಾರಣವು ಮೂಗಿಗೇ ತಿಳಿಯುವಂತಿತ್ತು. ನಗರದ ಕೊಳಚೆಯು ಬೆಳ್ಳಂದೂರಿನಿಂದ ವರ್ತೂರಿಗೆ ಹರಿದು, ಗಾಳಿಯಾಡದ ಕೆಸರಿನಲ್ಲಿ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು, ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ತಾಮ್ರವನ್ನು ಸಲ್ಫೈಡಾಗಿಸಿ ಕಪ್ಪಿಡಿಸಬಲ್ಲುದು. ಕೆರೆಯ ನೊರೆಯನ್ನು 2015ರಲ್ಲಿ ದೇಶವೆಲ್ಲ ನೋಡಿತು. ಅದರ ಗಾಳಿಯನ್ನು ಮಾತ್ರ ಸುತ್ತಲಿನವರೇ ಬಲ್ಲರು. ಸರ್ವರ್ ಕೋಣೆಗಳ ಗಾಳಿಯ ಗುಣವನ್ನರಿಯಲು ತಾಮ್ರ ಮತ್ತು ಬೆಳ್ಳಿಯ ಪಟ್ಟಿಗಳನ್ನು ತಿಂಗಳಕಾಲ ತೂಗುಬಿಟ್ಟು ಪರೀಕ್ಷಿಸುವ ಪದ್ಧತಿಯಿದ್ದು, ತಾಮ್ರದ ಮೇಲಿನ ಪೊರೆಯು ತಿಂಗಳಿಗೆ 300 ಆಂಗ್‌ಸ್ಟ್ರಾಮ್ ಮೀರದಿದ್ದರೆ ಆ ಕೋಣೆಯ ಗಾಳಿ ಸೌಮ್ಯವೆಂದು ಎಣಿಸುತ್ತಾರೆ. ನನ್ನ ಕಾಸುಗಳು ಅದೇ ಚಾಕರಿಯನ್ನು ಸಂಬಳವಿಲ್ಲದೆ ಮಾಡುತ್ತಿದ್ದುವು!

ಕಪ್ಪು ಬಣ್ಣವು ಕಣ್ಣಿಗೆ ಅಪ್ರಿಯವಾದರೂ ಲೋಹಕ್ಕೆ ಅಷ್ಟು ಘಾತಕವಲ್ಲ. ಭಯಪಡತಕ್ಕದ್ದು ತಿಳಿಹಸುರಿನ ಪುಡಿಗೆ. ಗಟ್ಟಿಯಾಗಿ, ನುಣುಪಾಗಿ ಕೂತ ಹಸುರು ಬಹುಧಾ ಕಾರ್ಬೊನೇಟು, ಸ್ಥಿರವಾದದ್ದು. ಉಗುರು ತಾಕಿದರೆ ಉದುರುವ ಹಸುರು ಕ್ಲೋರೈಡಿನ ಸಂತತಿ. ಕೈಬೆವರಿನ ಉಪ್ಪಿನಿಂದಲೋ ಹೂತಿದ್ದ ಮಣ್ಣಿನಿಂದಲೋ ನಾಣ್ಯವನ್ನು ಸೇರಿದ ಕ್ಲೋರೈಡು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 45ರ ಆಸುಪಾಸನ್ನು ಮೀರಿದಾಗ ಎಚ್ಚತ್ತು, ತೇವ ಮತ್ತು ಆಮ್ಲಜನಕಗಳೊಡನೆ ಕೂಡಿ ಹಸುರು ಪುಡಿಯನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಉಂಟುಮಾಡುತ್ತದೆ. ಆ ಆಮ್ಲವು ಹೊಸ ತಾಮ್ರವನ್ನು ಕೊರೆದು ಪುನಃ ಕ್ಲೋರೈಡನ್ನೇ ಹಡೆಯುವುದರಿಂದ ಈ ಚಕ್ರಕ್ಕೆ ತಾನಾಗಿ ಕೊನೆಯಿಲ್ಲ. ಪೀಣ್ಯದಲ್ಲಿ ನಮ್ಮ ಹಿರಿಯ ಕೆಲಸಗಾರರೊಬ್ಬರು ವಿದ್ಯುತ್ತನ್ನೊಯ್ಯುವ ತಾಮ್ರದ ಪಟ್ಟಿಗಳಾದ ಬಸ್‌ಬಾರ್‌ಗಳನ್ನು ಆಸಿಡ್ ತೊಟ್ಟಿಯ ಬಳಿ ಇರಿಸಗೊಡುತ್ತಿರಲಿಲ್ಲ. "ಆವಿ ಹಿಡಿದ ಮಾಲನ್ನ ಒರೆಸಿದ್ರೆ ಸಾಲ್ದು ಸಾರ್, ಕಿಲುಬು ಮತ್ತೆ ಬರ್ತದೆ" ಎನ್ನುತ್ತಿದ್ದ ಅವರಿಗೆ ರಸಾಯನಶಾಸ್ತ್ರದ ಸಮೀಕರಣಗಳು ತಿಳಿದಿರಲಿಲ್ಲ. ಅವುಗಳ ತಾತ್ಪರ್ಯವು ತಿಳಿದಿತ್ತು.

ಉದುರುವ ಹಸುರು ಹಿಡಿದ ನಾಣ್ಯವನ್ನು ಮಿಕ್ಕವುಗಳಿಂದ ಬೇರ್ಪಡಿಸಿ, ಭಟ್ಟಿಯಿಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಯಿಟ್ಟು, ನೀರನ್ನು ಬದಲಿಸುತ್ತ ಕ್ಲೋರೈಡನ್ನು ಹೊರಸೆಳೆಯುವುದೇ ನಾನು ಕಂಡ ಮೃದುವಾದ ಚಿಕಿತ್ಸೆ. ರೋಗ ಬಲಿತಿದ್ದರೆ ಅದೂ ಸಾಲದು. ದೇವರ ಪಾತ್ರೆಗೆ ಶೋಭೆ ತರುವ ಹುಣಸೆಹಣ್ಣು ನಾಣ್ಯಕ್ಕೆ ಸಲ್ಲದು, ಏಕೆಂದರೆ ಅದರ ಟಾರ್ಟಾರಿಕ್ ಆಮ್ಲವು ಕಿಲುಬಿನೊಡನೆ ರಕ್ಷಾಕವಚವನ್ನೂ ಕರಗಿಸಿ ಬೆತ್ತಲೆ ತಾಮ್ರವನ್ನು ಅದೇ ಗಾಳಿಗೆ ಒಪ್ಪಿಸುತ್ತದೆ. ನಾಣ್ಯಗಳನ್ನು ಇರಿಸುವ ನೆಲೆಯನ್ನೂ ನೋಡಿಕೊಳ್ಳಬೇಕು. ಮೃದುವಾದ ಪಿವಿಸಿ ಹಾಳೆಯ ಆಲ್ಬಂ ಕಾಲಾಂತರದಲ್ಲಿ ಆಮ್ಲವನ್ನೂ ಅಂಟನ್ನೂ ಬಿಡುತ್ತದೆ. ಫ್ಲಾಟುಗಳ ವಾರ್ಡ್‌ರೋಬುಗಳಲ್ಲಿ ಬಳಸುವ ಒತ್ತುಹಲಗೆಯೂ ಆಮ್ಲದ ಆವಿಯನ್ನು ಸೂಸುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ. ಬಿಗಿಮುಚ್ಚಳದ ಗಾಜಿನ ಭರಣಿ, ಅದರೊಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಷ್ಟಿದ್ದರೆ ಸಾಕು. ಆದರೆ ನಮ್ಮೂರಿನ ಮಳೆಗಾಲದಲ್ಲಿ ಆ ಪೊಟ್ಟಣವನ್ನು ಆಗಾಗ್ಗೆ ಬಿಸಿಮಾಡಿ ಒಣಗಿಸುತ್ತಿರಬೇಕು.