ಕಾನ್‌ಸ್ಟೇಬಲ್ ನೇಮಕಾತಿ: ಓಟ ಮೊದಲ ದಿನದಿಂದಲೇ

ಕರ್ನಾಟಕದ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ವಿದ್ಯಾರ್ಹತೆ ಪಿಯುಸಿ. 100 ಅಂಕಗಳ ಲಿಖಿತ ಪರೀಕ್ಷೆ ಮೊದಲು, ಮೈದಾನ ಆಮೇಲೆ. ಪ್ರತಿ ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ದೈಹಿಕ ಪರೀಕ್ಷೆ ಬರೀ ಅರ್ಹತೆಗಾದ್ದರಿಂದ ಓಟವನ್ನು ಫಲಿತಾಂಶ ಬಂದ ಮೇಲೆ ನೋಡಿಕೊಂಡರಾಯಿತು ಎಂಬ ವಾದವಿದೆ. ನನಗಿದು ಅಪಾಯದ ಲೆಕ್ಕವೆನಿಸುತ್ತದೆ. ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಅಭ್ಯಾಸವಿಲ್ಲದವರಿಗೆ ಮೂರನೇ ಸುತ್ತಿನಲ್ಲೇ ಉಸಿರು ಕಟ್ಟುತ್ತದೆ. ಆ ದಮ್ಮು ಎರಡು ವಾರದಲ್ಲಿ ಬರುವಂಥದ್ದಲ್ಲ. ಓದುವ ಸಮಯ ಹಾಳಾಗುತ್ತದೆ ಎನ್ನುವವರಿಗೆ, ಬೆಳಗಿನ ಅರ್ಧ ತಾಸು ಸಾಕು. ಪುರುಷರು ತಮ್ಮ ಎತ್ತರ 168 ಸೆಂಟಿಮೀಟರ್ ಇದೆಯೇ ಎಂದಂತೂ ಅರ್ಜಿಗೆ ಮುನ್ನವೇ ಅಳೆಸಿಕೊಳ್ಳಿ. ಪಿಎಸ್‌ಐ ಹುದ್ದೆಗೆ ಕ್ರಮವೇ ತಿರುಗುಮುರುಗು: ಪದವೀಧರರು ಮೈದಾನ ದಾಟಿದ ಮೇಲಷ್ಟೇ ಬರೆಯಲು ಕೂರುತ್ತಾರೆ.