ಮತ್ತೆ ಬರೆದರೆ ಮೊದಲಿನ ಅಂಕ ಹೋಗುತ್ತದೆಯೇ?

ತರೀಕೆರೆಯಲ್ಲಿ ಪ್ರಥಮ ಪಿಯುಸಿಗೆ ಸರಾಸರಿಯ ಪಾಠ ಮಾಡುತ್ತಿದ್ದೆ. ಕಡೂರು, ಅಜ್ಜಂಪುರ ಕಡೆಯ ಮಕ್ಕಳೂ ಇದ್ದರು. ಅಜ್ಜಂಪುರದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಪರೀಕ್ಷೆ-2ರಲ್ಲಿ ಕಡಿಮೆ ಬಂದರೆ ಮೊದಲಿನ ಅಂಕವೂ ಹೋಗುತ್ತಾ?” ಪಾಠದ ಗುಂಗಿನಲ್ಲಿ “ಎರಡರ ಸರಾಸರಿ ಹಿಡಿಯುತ್ತಾರೆ” ಎಂದುಬಿಟ್ಟೆ. “ಹಾಗಾದರೆ ಒಂದೇ ಸಲ ಬರೆಯೋದು ವಾಸಿ” ಎಂದು ಕುಳಿತಳು.

ಉತ್ತರ ತಪ್ಪಾಗಿತ್ತು. ಮರುದಿನ ಅದನ್ನು ಒಪ್ಪಿಕೊಂಡು, ಅದನ್ನೇ ಪಾಠವಾಗಿಸಿದೆ. 2024ರಲ್ಲಿ ಪರೀಕ್ಷೆ-1, 2, 3 ಜಾರಿಗೆ ಬಂದಾಗ ಪ್ರತಿ ವಿಷಯದ ಗರಿಷ್ಠ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂತು. ಕಪ್ಪುಹಲಗೆಯಲ್ಲಿ ಕಾಲ್ಪನಿಕ ಉದಾಹರಣೆ ಬರೆದೆ:

ಪರೀಕ್ಷೆ-1: ಭೌತಶಾಸ್ತ್ರ 62, ರಸಾಯನಶಾಸ್ತ್ರ 70, ಗಣಿತ 48, ಒಟ್ಟು 180.
ಪರೀಕ್ಷೆ-2: ಭೌತಶಾಸ್ತ್ರ 58, ಗಣಿತ 66.

ಉಳಿಯುವುದು 62, 70, 66, ಒಟ್ಟು 198. ಭೌತಶಾಸ್ತ್ರದಲ್ಲಿ ಇಳಿದದ್ದರಿಂದ ನಷ್ಟವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಈ ಮೂರು ವಿಷಯಗಳ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಶೇ. 60 ಇದ್ದದ್ದು ಶೇ. 66 ಆದರೆ, ಪಿಯುಸಿ ಪಾಲು 30ರಿಂದ 33ಕ್ಕೆ ಏರುತ್ತದೆ.

ಜೆಇಇ ಮೇನ್‌ನ ರೀತಿ ಬೇರೆ. ಎರಡು ಸಲ ಬರೆದರೆ ಹೆಚ್ಚಿನ ಒಟ್ಟು ಸ್ಕೋರನ್ನೇ ಪರಿಗಣಿಸುತ್ತಾರೆ; ವಿಷಯವಾರು ಆಯ್ದು ಜೋಡಿಸುವುದಿಲ್ಲ.

ಕೊನೆಗೆ ಅದೇ ವಿದ್ಯಾರ್ಥಿನಿಯನ್ನು ಲೆಕ್ಕ ಮಾಡಲು ಕರೆದೆ. ಮಾಡಿ, “ಬರೆಯಬಹುದು ಸರ್” ಎಂದಳು.

ನಾನು ಕಲಿತದ್ದು: ಸರಾಸರಿ, ಗರಿಷ್ಠ ಇವುಗಳಲ್ಲಿ ಯಾವುದೆಂಬುದನ್ನು ನಿಯಮ ಹೇಳುತ್ತದೆ, ಊಹೆಯಲ್ಲ. ಆ ವರ್ಷದ ಪ್ರಕಟಣೆ, ಕೊನೆಯ ದಿನಾಂಕ ನೋಡಿಯೇ ಉತ್ತರಿಸಬೇಕು. ಶಿಕ್ಷಕರ ಒಂದು ಮಾತಿಗೆ ಮಗುವಿನ ಅವಕಾಶ ಕೈತಪ್ಪಬಾರದು.