ಪಾಠ 9: ಅರಮನೆ ಸೇರಿದ ಸೇರು

ಅಬ್ಬಿಗೇರಿಯ ನಮ್ಮ ರಾತ್ರಿ ಶಾಲೆಗೆ ಬರುವ ತಾಯಿಯೊಬ್ಬರು ಒಂದು ದಿನ ಹೊಸ ಪ್ಲಾಸ್ಟಿಕ್ ಬುಟ್ಟಿ ತಂದು ತೋರಿಸಿದರು.

"ಅಕ್ಕೋರ, ಇದು ಪುಕ್ಕಟ ಬಂತ್ರಿ. ಅಟ್ಟದ ಮ್ಯಾಲ ನಮ್ಮ ಅತ್ತಿ ಕಾಲದ ಹಿತ್ತಾಳಿ ಸೇರು ಬಿದ್ದಿತ್ತು. ಮೋಡಕಾದವಗ ಕೊಟ್ಟೆ, ಅವ ಈ ಬುಟ್ಟಿ ಕೊಟ್ಟ."

"ಸೇರಿನ ಮ್ಯಾಲ ಏನರ ಬರದಿತ್ತೇನವ್ವ?" ಎಂದು ಕೇಳಿದೆ.

"ಬರದಿತ್ರಿ. ನಾ ನೋಡಲಿಲ್ಲ. ನನಗ ಈಗ ಓದಾಕ ಬರತೈತಿ ಅನ್ನೋದ ನೆನಪಾಗಲಿಲ್ಲ."

ಎಲ್ಲರೂ ನಕ್ಕರು. ಅವರೂ ನಕ್ಕರು. ನನಗೆ ಮಾತ್ರ ಮೈಸೂರಿನ ಒಂದು ಅರಮನೆ ನೆನಪಾಯಿತು. ಆ ಅರಮನೆಯೊಳಗೆ ಇಂಥ ಅಳತೆಯ ಸಾಮಾನುಗಳನ್ನು ಜೋಪಾನವಾಗಿ ಇಟ್ಟಿದ್ದನ್ನು ನಾನು ಕಂಡಿದ್ದೆ. ಅಂದು ಪಾಠ ಬಿಟ್ಟು ಅದರ ಕಥೆ ಹೇಳಿದೆ. ಅದೇ ಈ ಪಾಠ.

ಅದು ಜಾನಪದ ವಸ್ತುಸಂಗ್ರಹಾಲಯ. ಈ ಶಬ್ದ ಉದ್ದ ಐತಿ, ಹೆದರಬೇಡಿರಿ. ಒಡೆದು ಓದೋಣ. ವಸ್ತು. ಸಂಗ್ರಹ. ಆಲಯ. ವಸ್ತು ಎಂದರೆ ಸಾಮಾನು. ಸಂಗ್ರಹ ಎಂದರೆ ಕೂಡಿಸಿ ಇಡುವುದು. ಆಲಯ ಎಂದರೆ ಮನೆ. ಸಾಮಾನು ಕೂಡಿಸಿ ಇಟ್ಟ ಮನೆ. ಇದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಾಲೇಜಿಗಿಂತ ಮೇಲಿನ ಓದು ಓದಿಸುವ ದೊಡ್ಡ ಶಾಲೆಗೆ ವಿಶ್ವವಿದ್ಯಾಲಯ ಎನ್ನುತ್ತಾರೆ. ಮೈಸೂರಿನ ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾಯಿತು.

ಮೊದಲು ಕಟ್ಟಡದ ಕಥೆ ಕೇಳಿರಿ. ಅದರ ಹೆಸರು ಜಯಲಕ್ಷ್ಮಿ ವಿಲಾಸ. ಮೈಸೂರಿನ ದೊರೆ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ. ಅವರಿಗಾಗಿ 1905ರಲ್ಲಿ ಕಟ್ಟಿದ ಮನೆ ಅದು. ಆಗ ಅವರ ತಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ದೊರೆಯಾಗಿದ್ದರು. ಜಯಲಕ್ಷ್ಮಮ್ಮಣ್ಣಿಯವರ ಗಂಡ ಕಾಂತರಾಜ ಅರಸರು. ಅವರು ಮುಂದೆ ಮೈಸೂರಿನ ದಿವಾನರೂ ಆದರು. ಸಂಬಂಧದಲ್ಲಿ ಆಕೆಗೆ ಸೋದರಮಾವ. "ಹಂಗಾರ ನಮ್ಮ ಮಂದಿಯಂಗ ಆತು ಬಿಡ್ರಿ" ಎಂದರು ಒಬ್ಬ ಅಜ್ಜಿ. ಹೌದು, ಈ ಒಂದು ಮಾತಿನಲ್ಲಿ ನಮ್ಮ ಹಂಗ. ಮನೆ ಮಾತ್ರ ನಮ್ಮ ಹಂಗಲ್ಲ!

ಆ ಮನೆಯಲ್ಲಿ 125 ಕೋಣೆಗಳು. 300 ಕಿಟಕಿಗಳು. ಕೆತ್ತನೆ ಮಾಡಿದ ಬಾಗಿಲುಗಳೇ 287. ದಿನಾ ಕಸ ಹೊಡೆಯುವವರು ಎಷ್ಟು ಮಂದಿ ಇದ್ದರೋ ಎಂದು ನನಗೆ ಆಗಾಗ ಅನಿಸುತ್ತದೆ. ಮುಂಭಾಗದ ನೆತ್ತಿಯ ಮೇಲೆ ಗಜಲಕ್ಷ್ಮಿ ಇದ್ದಾಳೆ. ಒಳಗೆ ಜೋಡಿ ಕಂಬಗಳು. ಮದುವೆ ಕಾರ್ಯಕ್ಕೆ ಒಂದು ಕಲ್ಯಾಣ ಮಂಟಪ. ಮೇಲೆ ಬಣ್ಣದ ಗಾಜು. ಬಿಸಿಲು ಬಿದ್ದರೆ ನೆಲದ ಮೇಲೂ ಬಣ್ಣ.

ರಾಜರ ಕಾಲ ಮುಗಿಯಿತು. 1956ರಿಂದ 1960ರವರೆಗೆ ಕವಿ ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿ ಆಗಿದ್ದರು. ಉಪಕುಲಪತಿ ಎಂದರೆ ಅಲ್ಲಿನ ಆಡಳಿತದ ಮುಖ್ಯಸ್ಥರು. ದೊಡ್ಡ ಓದಿನ ಮಕ್ಕಳಿಗೆ ವಿಶಾಲ ಜಾಗ ಬೇಕಾಗಿತ್ತು. ಆಗ ಈ ಅರಮನೆ ವಿಶ್ವವಿದ್ಯಾಲಯಕ್ಕೆ ಬಂತು. ಆ ಜಾಗಕ್ಕೆ ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟರು.

ಮುಂದೆ 1968ರ ಸುಮಾರಿಗೆ ಇನ್ನೊಂದು ಕೆಲಸ ನಡೆಯಿತು. ಪ್ರೊಫೆಸರ್ ದೇ. ಜವರೇಗೌಡರು ಮುಂದಾಳಾದರು. ಚಿತ್ರ ಬರೆಯುವ ಪಿ. ಆರ್. ತಿಪ್ಪೇಸ್ವಾಮಿ, ಹಾಡು-ಕಥೆ ಕೂಡಿಸುವ ಜೀ. ಶಂ. ಪರಮಶಿವಯ್ಯ ಅವರ ಜೊತೆಗೂಡಿದರು. ಹಳ್ಳಿಯ ಸಾಮಾನುಗಳನ್ನು ಹುಡುಕಿ ತಂದು ಕೂಡಿಸಿದರು. ಬುಟ್ಟಿ, ಹಗ್ಗ, ದೀಪ, ಅಡಿಗೆ ಪಾತ್ರೆ, ಒಕ್ಕಲುತನದ ಸಾಮಾನು, ನೂಲುವ ಸಾಮಾನು, ಅಳತೆಯ ಮಾಪುಗಳು. ತೊಗಲುಗೊಂಬೆಗಳು. ಯಕ್ಷಗಾನದ ವೇಷ. ಊರ ಹಬ್ಬದಲ್ಲಿ ಕುಣಿಯುವ ಸೋಮನ ದೊಡ್ಡ ಮುಖ. ಹೀಗೆ ಕೂಡಿದ ವಸ್ತುಗಳು 6,500ಕ್ಕೂ ಹೆಚ್ಚು. ಕುವೆಂಪು ಮೊದಲಾದ ಸಾಹಿತಿಗಳು ಬಳಸಿದ ವಸ್ತುಗಳಿಗೂ ಒಂದು ವಿಭಾಗ ಮಾಡಿದರು.

"ದೊರಿ ಮಗಳ ಮನ್ಯಾಗ ನಮ್ಮ ಬುಟ್ಟಿ, ಹಗ್ಗ ಕುಂತಾವೇನ್ರಿ!" ಎಂದು ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಅವನ್ನು ಯಾಕೆ ಇಡಬೇಕು? ಚಿನ್ನದ ಕಿರೀಟ ಇಡುವುದು ಎಲ್ಲರಿಗೂ ತಿಳಿಯುತ್ತದೆ. ಬುಟ್ಟಿ ಯಾಕೆ? ಬುಟ್ಟಿ ಹೆಣೆಯುವ ಕೈ ನಿಂತರೆ, ಹೆಣೆಯುವ ರೀತಿಯೂ ನಿಲ್ಲುತ್ತದೆ. ಕಣ್ಣ ಮುಂದೆ ಒಂದು ಬುಟ್ಟಿ ಇದ್ದರೆ ಅದನ್ನು ನೋಡಿ ಮತ್ತೆ ಕಲಿಯಬಹುದು. ಸೇರಿನ ಮಾತೂ ಅಷ್ಟೆ. ನಮ್ಮ ಮಕ್ಕಳಿಗೆ ಕಿಲೋ ಗೊತ್ತು, ಲೀಟರ್ ಗೊತ್ತು. ಪಾವು, ಚಟಾಕು ಎಂದರೆ ಮುಖ ನೋಡುತ್ತಾರೆ. ನಮ್ಮ ಅಜ್ಜಿಯರು ಜೋಳ ಅಳೆದದ್ದು, ಕಡ ಕೊಟ್ಟದ್ದು, ಕೂಲಿ ಪಡೆದದ್ದು ಎಲ್ಲಾ ಅದರಲ್ಲೇ. ಅವರ ಲೆಕ್ಕ ಕಾಗದದ ಮೇಲೆ ಇರಲಿಲ್ಲ, ಸೇರಿನಲ್ಲಿತ್ತು.

ಅರಮನೆಯಾದರೂ ಮನೆಯೇ. ನಮ್ಮ ಮಣ್ಣಿನ ಮಾಳಿಗೆ ಹೇಗೆ? ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ತುಳಿಯದಿದ್ದರೆ ಸೋರುತ್ತದೆ. ತೊಲೆ ನೆನೆಯುತ್ತದೆ, ಹುಳ ಹಿಡಿಯುತ್ತದೆ. ಅಲ್ಲಿಯೂ ಹಾಗೆಯೇ ಆಯಿತು. ಕಟ್ಟಡ ಹಾಳಾಗುತ್ತ ಬಂತು. ಆಗ ಇನ್ಫೋಸಿಸ್ ಪ್ರತಿಷ್ಠಾನ 1 ಕೋಟಿ 17 ಲಕ್ಷ ರೂಪಾಯಿ ಕೊಟ್ಟಿತು. ಆಗ ಆ ಪ್ರತಿಷ್ಠಾನದ ಅಧ್ಯಕ್ಷರು ಸುಧಾ ಮೂರ್ತಿ. ಅವರು ಹುಟ್ಟಿದ್ದು ನಮ್ಮ ಕಡೆಯ ಶಿಗ್ಗಾವಿಯಲ್ಲಿ. 2002ರಲ್ಲಿ ಹಿಡಿದ ರಿಪೇರಿ ಕೆಲಸ 2006ರಲ್ಲಿ ಮುಗಿಯಿತು.

ಆದರೂ ಒಮ್ಮೆ ರಿಪೇರಿ ಮಾಡಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಅರಮನೆ ಮತ್ತೆ ಶಿಥಿಲವಾಯಿತು. ಒಳಗೆ ಜನರನ್ನು ಬಿಡುವುದನ್ನು ನಿಲ್ಲಿಸಬೇಕಾಯಿತು. 2020ರ ನಂತರದ ವರ್ಷಗಳಲ್ಲಿ ಅಮೆರಿಕ ಸರಕಾರದ ಒಂದು ನಿಧಿಯಿಂದಲೂ ಇದಕ್ಕೆ ನೆರವು ಸಿಕ್ಕಿತು. ನೀವು ಮೈಸೂರಿಗೆ ಹೋದರೆ, ಬಾಗಿಲು ತೆರೆದಿದೆಯೋ ಇಲ್ಲವೋ ಮೊದಲು ಕೇಳಿಕೊಂಡು ಹೋಗಿರಿ. ಇಷ್ಟು ದೂರ ಹೋಗಿ ಬೀಗ ನೋಡಿ ಬರುವುದು ಬೇಡ.

ಈ ಕಥೆ ಹೇಳಿದ ಮರುದಿನ ಆ ತಾಯಿ ಮೋಡಕಾದವನನ್ನು ಹುಡುಕಿ ಕೇಳಿದರು. ಸೇರು ಆಗಲೇ ಗದಗಿಗೆ ಹೋಗಿತ್ತು. ಅವರು ಮನೆಗೆ ಬಂದು ಅಟ್ಟ ಹತ್ತಿದರು. ಉಳಿದ ಪಾತ್ರೆಗಳನ್ನು ಒಂದೊಂದಾಗಿ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ತವರಿನಿಂದ ತಂದ ತಂಬಿಗೆಯ ಕಂಠದ ಮೇಲೆ ಅಕ್ಷರ ಕಂಡವು. ಕೂಡಿಸಿ ಕೂಡಿಸಿ ಓದಿದರು. ಅವರ ತಾಯಿಯ ಹೆಸರು.

ರಾತ್ರಿ ಆ ತಂಬಿಗೆಯನ್ನು ಶಾಲೆಗೆ ತಂದರು. "ಮೂವತ್ತು ವರ್ಷ ಇದರಾಗ ನೀರು ಕುಡದೇನ್ರಿ ಅಕ್ಕೋರ. ನಮ್ಮವ್ವ ಇಲ್ಲೇ ಇದ್ಲು" ಎಂದರು.

ಓದಿ ಉತ್ತರ ಹೇಳಿರಿ

1. ಜಯಲಕ್ಷ್ಮಿ ವಿಲಾಸವನ್ನು ಯಾರಿಗಾಗಿ ಕಟ್ಟಿದರು? ಯಾವ ವರ್ಷ?
2. ವಸ್ತುಸಂಗ್ರಹಾಲಯ ಎಂಬ ಶಬ್ದವನ್ನು ಒಡೆದು ಬರೆಯಿರಿ.
3. ನಿಮ್ಮ ಮನೆಯ ಒಂದು ಹಳೆಯ ಪಾತ್ರೆಯನ್ನು ತಿಕ್ಕಿ ನೋಡಿರಿ. ಅದರ ಮೇಲೆ ಹೆಸರು ಇದ್ದರೆ ಇಲ್ಲಿ ಬರೆಯಿರಿ. ಇಲ್ಲದಿದ್ದರೆ, ಅದನ್ನು ಯಾರು ತಂದರು, ಯಾರು ಬಳಸಿದರು ಎಂದು ಮನೆಯ ಹಿರಿಯರನ್ನು ಕೇಳಿ ಅವರ ಹೆಸರು ಬರೆಯಿರಿ.